ಆಲ್ಟನ್ ನಗರದ ಸ್ಮಾರಕಗಳು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಮಿಸಿಸಿಪಿ ನದಿಯ ದಡದಲ್ಲಿರುವ ಸಣ್ಣ ನಗರ ಆಲ್ಟನ್. ಇಲಿನಾಯ್ ಗುಲಾಮಗಿರಿಯನ್ನು ನಿಷೇಧಿಸಿದ್ದಿತು. ಎದುರುದಡದ ಮಿಸೌರಿಯಲ್ಲಾದರೋ ಅದು ಶಾಸನಸಮ್ಮತವಾಗಿದ್ದಿತು. ಗುಲಾಮಗಿರಿಯನ್ನು ಖಂಡಿಸಿ ಬರೆಯುತ್ತಿದ್ದ ಪತ್ರಿಕಾಸಂಪಾದಕ ಎಲೈಜ ಲವ್‌ಜಾಯ್ 1836ರಲ್ಲಿ ಮಿಸೌರಿಯನ್ನು ತೊರೆದು ಇಲ್ಲಿಗೆ ಬಂದನು. ಆದರೆ ನದಿಯ ಗಡಿ ಅವನನ್ನು ಕಾಪಾಡಲಿಲ್ಲ. 1837ರ ನವೆಂಬರ್ 7ರ ರಾತ್ರಿ, ತನ್ನ ಮುದ್ರಣಯಂತ್ರವನ್ನು ರಕ್ಷಿಸುತ್ತಿದ್ದಾಗ, ಉದ್ರಿಕ್ತ ಗುಂಪಿನ ಗುಂಡಿಗೆ ಬಲಿಯಾದನು. ಯಂತ್ರವು ನದಿಯ ಪಾಲಾಯಿತು. ಲಿಂಕನ್ ಮತ್ತು ಡಗ್ಲಸರ ಏಳನೆಯ ಹಾಗೂ ಕಡೆಯ ಬಹಿರಂಗ ವಾದವು 1858ರ ಅಕ್ಟೋಬರ್ 15ರಂದು, ಇದೇ ಪ್ರಶ್ನೆಯನ್ನು ಕುರಿತು, ಇದೇ ಊರಿನಲ್ಲಿ ನಡೆಯಿತು. ಲವ್‌ಜಾಯ್‌ನ ಸ್ಮಾರಕಸ್ತಂಭ ಸ್ಥಾಪಿತವಾದುದು 1897ರಲ್ಲಿ; ಮುಳುಗಿದ್ದ ಯಂತ್ರದ ಚೌಕಟ್ಟು ದೊರೆತುದು 1915ರಲ್ಲಿ. ಆದುದರಿಂದ ಈ ಸ್ತಂಭವನ್ನು ನಾವು ಒಬ್ಬ ವ್ಯಕ್ತಿಯ ಕೀರ್ತಿಚಿಹ್ನೆಯೆಂದು ಮಾತ್ರ ಭಾವಿಸಲಾಗದು. ಹತ್ಯೆ ನಡೆದ ಊರಿನಲ್ಲಿ ಆ ಗೌರವ ಸಲ್ಲಲು 60 ವರ್ಷಗಳು ಹಿಡಿದುವೆಂಬುದಕ್ಕೂ ಅದು ಸಾಕ್ಷಿಯಾಗಿದೆ.