ರೆಕ್ಕೆಮೊಗ್ಗು: ಬೆಳವಣಿಗೆಯ ಗಣಿತ ಮಾದರಿಗಳ ಚರಿತ್ರೆ

ಹಣ್ಣುನೊಣದ ಮರಿಹುಳುವಿನ ಮೈಯೊಳಗೆ, ಮುಂದೆ ರೆಕ್ಕೆಯಾಗಲಿರುವ ಜೀವಕೋಶಗಳ ಚಪ್ಪಟೆ ಚೀಲವೊಂದಿರುತ್ತದೆ. ಇಲ್ಲಿ ಅದನ್ನು ರೆಕ್ಕೆಮೊಗ್ಗು ಎನ್ನಲಾಗಿದೆ. ಕೆಲವೇ ಡಜನ್ ಕೋಶಗಳಿಂದ ಹೊರಟ ಈ ಚೀಲ ಸುಮಾರು ನಾಲ್ಕು ದಿನಗಳಲ್ಲಿ ಹತ್ತಾರು ಸಾವಿರ ಕೋಶಗಳಾಗಿ, ಅಲ್ಲಿಗೆ ನಿಲ್ಲುತ್ತದೆ. ಅದನ್ನು ನಿಲ್ಲಿಸುವುದು ಏನು ಎಂಬುದೇ ಮಾದರಿಕಾರರ ಪ್ರಶ್ನೆ.

ಜೀವಿಗಳ ಬೆಳವಣಿಗೆ ಮತ್ತು ಆಕಾರವನ್ನು ಗಣಿತದಲ್ಲಿ ವಿವರಿಸುವುದಕ್ಕೆ ಡಾರ್ಸಿ ಥಾಂಪ್ಸನ್ (1917), ಜೂಲಿಯನ್ ಹಕ್ಸ್ಲಿ (1932) ಮತ್ತು ಟ್ಯೂರಿಂಗ್ (1952) ತಳಹದಿ ಹಾಕಿದ್ದರು. ಮೊಗ್ಗಿನ ಮಟ್ಟಿಗೆ ನಿಜವಾದ ತಿರುವು 1985ರದು. ಬ್ರಯಂಟ್ ಮತ್ತು ಲೆವಿನ್ಸನ್ ಎಳೆಯ ಮೊಗ್ಗನ್ನು ಬೆಳೆದ ಹೆಣ್ಣುನೊಣದ ಹೊಟ್ಟೆಯೊಳಗೆ ಇಟ್ಟರು. ಅಲ್ಲಿಯೂ ಅದು ತನ್ನ ಸಹಜ ಗಾತ್ರದ ಸುಮಾರಿಗೆ ಬೆಳೆದು ನಿಂತಿತು. ಅಳತೆಯ ಲೆಕ್ಕ ಮೊಗ್ಗಿನೊಳಗೇ ಇದೆ ಎಂದಾಯಿತು.

ಮೊಗ್ಗಿನೊಳಗಿನ ಈ ಲೆಕ್ಕದಲ್ಲಿ ಕೋಶಗಳ ಸಾವಿನ ಪಾತ್ರದ ಬಗ್ಗೆ ಗೊಂದಲವಿದೆ. ನಿಧಾನವಾಗಿ ಬೆಳೆಯುವ ಕೋಶಗಳನ್ನು ವೇಗದ ನೆರೆಕೋಶಗಳು ಅಳಿಸಿಹಾಕುತ್ತವೆ ಎಂದು ಮೊರಾಟಾ ಮತ್ತು ರಿಪೋಲ್ 1975ರಲ್ಲೇ ತೋರಿಸಿದ್ದರು. ಈ ಪೈಪೋಟಿಯೇ ಅಂಗದ ಗಾತ್ರವನ್ನು ಕಾಯುತ್ತದೆ ಎಂಬ ಊಹೆ ಬಹುಕಾಲ ಚಾಲ್ತಿಯಲ್ಲಿತ್ತು. ಆದರೆ 2009ರಲ್ಲಿ ಮೊರಾಟಾ ಅವರ ತಂಡವೇ ಕೋಶಸಾವನ್ನು ತಡೆದು ನೋಡಿದಾಗ ಗಾತ್ರ ಬದಲಾಗಲಿಲ್ಲ. ಇಷ್ಟಾದ ಮೇಲೂ ಹಳೆಯ ಊಹೆಯನ್ನು ನಿಯಮವೆಂಬಂತೆ ಹೇಳುವುದು ಸರಿಯಲ್ಲ.

ಬೆಳವಣಿಗೆಗೆ ಡಿಪಿಪಿ ಎಂಬ ಪ್ರೋಟೀನ್ ಬೇಕು. ಮೊಗ್ಗಿನ ನಡುವಿನ ಕೋಶಗಳ ಪಟ್ಟಿಯಲ್ಲಿ (ನಡುಪಟ್ಟಿ) ಹುಟ್ಟುವ ಅದು ಅಲ್ಲಿ ದಟ್ಟ, ಅಂಚಿಗೆ ಹೋದಂತೆ ವಿರಳ. ಹಾಗಿದ್ದೂ ಬೆಳವಣಿಗೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಸಮ. ಈ ಒಗಟಿಗೆ ಬೋರಿಸ್ ಶ್ರೈಮನ್ 2005ರಲ್ಲಿ ಯಾಂತ್ರಿಕ ಉತ್ತರ ಕೊಟ್ಟರು: ನೆರೆಯವಕ್ಕಿಂತ ಮುಂದೋಡುವ ಕೋಶ ಇಕ್ಕಟ್ಟಿಗೆ ಸಿಕ್ಕಿ ತಾನೇ ನಿಧಾನವಾಗುತ್ತದೆ. 2007ರಲ್ಲಿ ಹುಫ್ನಾಗೆಲ್ ತಂಡ ಇದನ್ನು ಡಿಪಿಪಿಯ ಲೆಕ್ಕಕ್ಕೆ ಜೋಡಿಸಿತು. ಅಂಚಿನ ಕೋಶಗಳಿಗೆ ಪ್ರೋಟೀನ್ ಸಾಲದಾಗಿ ಅವು ನಿಂತರೆ, ನಡುವಿನವು ಒತ್ತಡಕ್ಕೆ ಸಿಕ್ಕಿ ನಿಲ್ಲುತ್ತವೆ. ಅದೇ ವರ್ಷ ಏಗರ್ಟರ್-ವಿಲ್ಮ್ಸೆನ್ ತಂಡವೂ ಒತ್ತಡವನ್ನೇ ಆಧರಿಸಿದ ಮಾದರಿಯನ್ನು ಪ್ರಕಟಿಸಿತು.

ಗೊಂದಲ ಹೆಚ್ಚಿದ್ದು ಆಮೇಲೆ. ಡಿಪಿಪಿ ಸಂಕೇತ ಶೇ. 50ರಷ್ಟು ಏರಿದಾಗಲೆಲ್ಲ ಕೋಶ ಒಮ್ಮೆ ವಿಭಜನೆಯಾಗುತ್ತದೆ ಎಂದು ವಾರ್ಟ್‌ಲಿಕ್ ತಂಡ 2011ರಲ್ಲಿ ಹೇಳಿತು. ಅಚ್ಚುಕಟ್ಟಾದ ಈ ಸೂತ್ರ ಬೇಗ ಹೆಸರಾಯಿತು. 2015ರಲ್ಲಿ ಅಕಿಯಾಮಾ ಮತ್ತು ಗಿಬ್ಸನ್, ನಡುಪಟ್ಟಿಯ ಡಿಪಿಪಿಯನ್ನು ತೆಗೆದರೂ ಬೆಳವಣಿಗೆ ಮುಂದುವರಿಯುತ್ತದೆ ಎಂದರು. ಪ್ರೋಟೀನನ್ನು ಹುಟ್ಟಿದಲ್ಲೇ ಹಿಡಿದಿಟ್ಟ ಹಾರ್ಮನ್ಸಾ ತಂಡಕ್ಕೆ, ಅದರ ಹರಡುವಿಕೆ ನಡುಭಾಗದ ಬೆಳವಣಿಗೆಗೆ ಬೇಕು, ಬದಿಗಳಿಗೆ ಬೇಡ ಎಂದು ಕಂಡಿತು. 2017ರಲ್ಲಿ ಬಾರಿಯೊ ಮತ್ತು ಮಿಲಾನ್, ಮತ್ಸುದಾ ಮತ್ತು ಅಫೋಲ್ಟರ್ ಬೇರೆಬೇರೆಯಾಗಿ ಪ್ರಯೋಗ ನಡೆಸಿ, ನಡುಪಟ್ಟಿಯ ಡಿಪಿಪಿ ಬೆಳವಣಿಗೆಗೆ ಬೇಕೇ ಬೇಕು ಎಂದು ತೋರಿಸಿದರು. 2011ರ ಸೂತ್ರವನ್ನು ಉಲ್ಲೇಖಿಸುವವರು ಈ ಪ್ರಯೋಗಗಳನ್ನೂ ಜೊತೆಗಿಟ್ಟು ಓದಬೇಕು.