ಬಿಸಿಲಲ್ಲಿ ಓಡುವ ಮುನ್ನ ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆಯೇ?

ಬೇಸಿಗೆ ಬಂತೆಂದರೆ ಒಂದು ವಾಟ್ಸಾಪ್ ಸಂದೇಶ ತಪ್ಪದೆ ಮರಳಿ ಬರುತ್ತದೆ. ಬಿಸಿಲಲ್ಲಿ ತಣ್ಣೀರು ಕುಡಿದರೆ ಸಣ್ಣ ರಕ್ತನಾಳಗಳು ಒಡೆಯುತ್ತವೆ, ಹೊರಗಿನಿಂದ ಬಂದ ಕೂಡಲೇ ಕೈಕಾಲು ತೊಳೆದರೆ ಪಾರ್ಶ್ವವಾಯು ಹೊಡೆಯುತ್ತದೆ ಎಂಬುದು ಅದರ ಸಾರ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಕೊಪ್ಪಳ ಜಿಲ್ಲೆಯಲ್ಲಿ, ಕನಕಗಿರಿ ಸಮೀಪದ ನವಲಿಯಂಥ ಊರಲ್ಲಿ, ಪೊಲೀಸ್ ನೇಮಕಾತಿಗೆಂದು ಓಡುವವರೂ ಹೊಲದಲ್ಲಿ ದುಡಿಯುವವರೂ ಇದನ್ನು ನಂಬಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ನಿಜ ಏನು?

ತಂಪು ತಗುಲಿದಾಗ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಒಡೆಯುವುದಿಲ್ಲ. ಕುಡಿದ ತಣ್ಣೀರು ದೇಹದ ಶಾಖವನ್ನು ಹೀರಿಕೊಂಡು ತಾನೇ ಬೆಚ್ಚಗಾಗುತ್ತದೆ. ಸಂದೇಶದಲ್ಲಿ ಒಂದು ಎಳೆ ಸತ್ಯವಿದೆ: ಮೈಯನ್ನು ಒಮ್ಮೆಲೇ ಮಂಜಿನಂಥ ನೀರಿನಲ್ಲಿ ಮುಳುಗಿಸಿದರೆ ಎದೆಬಡಿತ, ರಕ್ತದೊತ್ತಡ ಏರುತ್ತವೆ. ಹೃದ್ರೋಗಿಗಳು ಆ ಸಾಹಸಕ್ಕೆ ಹೋಗಬಾರದು. ಆದರೆ ಒಂದು ಲೋಟ ತಣ್ಣೀರು ಆ ಲೆಕ್ಕಕ್ಕೆ ಬರುವುದಿಲ್ಲ.

ಅಸಲಿಗೆ ಕ್ರೀಡಾಪಟುಗಳು ಓಟಕ್ಕೆ ಮುಂಚೆಯೇ ಮೈ ತಂಪು ಮಾಡಿಕೊಳ್ಳುತ್ತಾರೆ. ಇದಕ್ಕೆ ಪ್ರೀ-ಕೂಲಿಂಗ್ ಎನ್ನುತ್ತಾರೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೀನಾ ಕ್ಯಾಸ್ಟರ್ ಮ್ಯಾರಥಾನ್‌ಗೆ ಮುನ್ನ ಐಸ್ ತುಂಬಿದ ಅಂಗಿ ತೊಟ್ಟಿದ್ದರು. ಆ ಬಿಸಿಲಲ್ಲೂ ಕಂಚು ಗೆದ್ದರು.

ಇದರ ಹಿಂದಿನ ತರ್ಕ ಸರಳ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಶಾಖವಾಗಿಬಿಡುತ್ತದೆ. ಒಳಗಿನ ತಾಪ 40 ಡಿಗ್ರಿಯತ್ತ ಏರಿದಂತೆ ಕಾಲು ಸೋಲುತ್ತದೆ. ನವಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ನೀರಿಗೆ ಜಾಗ ಕಡಿಮೆಯಾಯಿತೆಂದೇ ಅಲ್ಲಿ ಸಮತೋಲನ ಜಲಾಶಯದ ಪ್ರಸ್ತಾಪ ಬಂದದ್ದು. ದೇಹಕ್ಕೂ ಶಾಖ ತುಂಬಿಕೊಳ್ಳಲು ಜಾಗ ಬೇಕು. ಮೊದಲೇ ತಂಪಾದರೆ ಆ ಜಾಗ ತುಸು ಹೆಚ್ಚುತ್ತದೆ.

ನೀರಿಗಿಂತ ಐಸ್ ಏಕೆ ಮೇಲು? ಸೊನ್ನೆ ಡಿಗ್ರಿಯ 1 ಗ್ರಾಂ ನೀರು ದೇಹದ ತಾಪಕ್ಕೆ ಬರಲು ಸುಮಾರು 37 ಕ್ಯಾಲೊರಿ ಶಾಖ ಹೀರುತ್ತದೆ. ಅದೇ 1 ಗ್ರಾಂ ಐಸ್ ಕರಗಲಿಕ್ಕೇ 80 ಕ್ಯಾಲೊರಿ ಬೇಕು, ಆಮೇಲೆ ಆ 37. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10 ಪುರುಷರನ್ನು 34 ಡಿಗ್ರಿ ತಾಪದಲ್ಲಿ ಸುಸ್ತಾಗುವವರೆಗೆ ಓಡಿಸಿದರು. ತಣ್ಣೀರು ಕುಡಿದಾಗ ಸರಾಸರಿ 41 ನಿಮಿಷ ಓಡಿದರು, ಪುಡಿ ಐಸ್ ಸೇವಿಸಿದಾಗ 50 ನಿಮಿಷ. ಪ್ರಯೋಗ ಚಿಕ್ಕದು, ವ್ಯತ್ಯಾಸ ಮಾತ್ರ ಚಿಕ್ಕದಲ್ಲ.

ಹಾಗಾದರೆ ಪೊಲೀಸ್ ಓಟಕ್ಕೆ?

ಇಲ್ಲಿ ನಮ್ಮ ಉತ್ತರ: ಬೇಡ. ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಪುರುಷರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅಷ್ಟರೊಳಗೆ ದೇಹದ ಶಾಖ ತುಂಬಿ ತುಳುಕುವುದಿಲ್ಲ. ತೊಡೆಗೆ ಐಸ್ ಇಟ್ಟುಕೊಂಡರೆ ಸ್ನಾಯು ಬಿಗಿದು ವೇಗವೇ ಕುಂದುತ್ತದೆ. ಸರದಿ ಬರುವ ತನಕ ನೆರಳಲ್ಲಿ ಕೂತು, ನೀರು ಕುಡಿದು, ನಂತರ ವಾರ್ಮ್ ಅಪ್ ಮಾಡುವುದೇ ಸರಿ. ಪ್ರೀ-ಕೂಲಿಂಗ್ ಫಲ ಕಾಣುವುದು ಅರ್ಧ ತಾಸಿಗೂ ಮೀರಿದ ಶ್ರಮದಲ್ಲಿ: ದೂರದ ಓಟ, ಸೈಕಲ್, ಬಿಸಿಲಿನ ಪಂದ್ಯ.

ಅಂಥ ದಿನ, ಶುರುವಿಗೆ ಅರ್ಧ ತಾಸು ಮುಂಚೆ ಮಜ್ಜಿಗೆ ಅಥವಾ ಲಿಂಬು ಶರಬತ್ತಿಗೆ ಐಸ್ ಪುಡಿ ಹಾಕಿ ಚಮಚದಿಂದ ನಿಧಾನವಾಗಿ ತಿನ್ನಿ. ಐಸ್ ಮನೆಯ ಶುದ್ಧ ನೀರಿನದ್ದಾಗಿರಲಿ. ಮೀನು ಕೆಡದಂತೆ ಇಡುವ ದೊಡ್ಡ ಗಡ್ಡೆಯದ್ದು ಬೇಡ. ಒದ್ದೆ ಟವೆಲ್ಲನ್ನು ಕುತ್ತಿಗೆ, ತೋಳುಗಳ ಮೇಲೆ ಹಾಕಿಕೊಂಡು ಗಾಳಿಗೆ ಕೂತರೂ ಆದೀತು. ನಮ್ಮ ಒಣ ಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನ ಸೆಕೆಯಲ್ಲಿ ಅಷ್ಟಾಗಿ ಇಲ್ಲ. ಪಂದ್ಯದ ದಿನವೇ ಮೊದಲ ಸಲ ಪ್ರಯತ್ನಿಸಬೇಡಿ, ಹೊಟ್ಟೆ ಒಗ್ಗದೆ ಇರಬಹುದು. ತಂಪಿದೆ ಎಂಬ ಹುಮ್ಮಸ್ಸಿನಲ್ಲಿ ಮಿತಿಮೀರಿ ಓಡುವುದೂ ಬೇಡ. ಓಡುತ್ತಾ ಹೋದಂತೆ ಆ ಲಾಭ ಕರಗುತ್ತದೆ.

ಸಂದೇಶ ನಿಜಕ್ಕೂ ಕೇಡು ಮಾಡುವುದು ಯಾರಾದರೂ ಬಿದ್ದಾಗ. ಬಿಸಿಲಲ್ಲಿ ಓಡುತ್ತಿದ್ದವರು ತೂರಾಡಿದರೆ, ಏನೇನೋ ಮಾತಾಡಿದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಆಗ ತಣ್ಣೀರಿಗೆ ಹೆದರಿ ಕೂತರೆ ಒಂದೊಂದು ನಿಮಿಷವೂ ನಷ್ಟ. ಕೂಡಲೇ 108ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿದು ಗಾಳಿ ಹಾಕಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವ ತನಕ ಮೈಮೇಲೆ ಸುರಿಯುವುದನ್ನು ನಿಲ್ಲಿಸಬೇಡಿ.