ವೇಗಕ್ಕೆ ಗೆರೆ ಎಳೆದ ಪಾದ್ರಿ

ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ವೇಗ-ಕಾಲ ನಕ್ಷೆಯ ಪಾಠ ಬರುತ್ತದೆ. ಅಡ್ಡ ಗೆರೆಯ ಮೇಲೆ ಕಾಲ, ಲಂಬ ಗೆರೆಯ ಮೇಲೆ ವೇಗ, ನಡುವೆ ಒಂದು ಓರೆ ಗೆರೆ. ಅದರ ಕೆಳಗಿನ ವಿಸ್ತೀರ್ಣವೇ ಕ್ರಮಿಸಿದ ದೂರ ಎಂದು ಮಕ್ಕಳು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಹೊಲ, ನಿವೇಶನಗಳಿಗೆ ಹೇಳುವ ವಿಸ್ತೀರ್ಣ ಇಲ್ಲಿ ದೂರವಾಗುವುದು ಹೇಗೆ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಯ ಹಿಂದೆ ಸುಮಾರು ಏಳು ಶತಮಾನಗಳ ಇತಿಹಾಸವಿದೆ.

14ನೇ ಶತಮಾನದ ಪೂರ್ವಾರ್ಧ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನಲ್ಲಿ ಥಾಮಸ್ ಬ್ರಾಡ್‌ವರ್ಡೀನ್, ವಿಲಿಯಂ ಹೇಟ್ಸ್‌ಬರಿ ಮೊದಲಾದ ವಿದ್ವಾಂಸರು ಚಲನೆಯ ಬಗ್ಗೆ ತರ್ಕ ನಡೆಸುತ್ತಿದ್ದರು. ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುವ ವಸ್ತು ಎಷ್ಟು ದೂರ ಕ್ರಮಿಸುತ್ತದೆ? ಕ್ಷಣಕ್ಕೊಂದು ವೇಗವಿರುವಾಗ ಯಾವುದನ್ನು ಹಿಡಿದು ಲೆಕ್ಕ ಹಾಕುವುದು? 1335ರಲ್ಲಿ ಹೇಟ್ಸ್‌ಬರಿ ಉತ್ತರ ಕೊಟ್ಟ. ನಡುವಣ ಕ್ಷಣದಲ್ಲಿದ್ದ ವೇಗದಲ್ಲೇ ಅಷ್ಟೂ ಹೊತ್ತು ಸಾಗಿದ್ದರೆ ಎಷ್ಟು ದೂರವಾಗುತ್ತಿತ್ತೋ ಅಷ್ಟೇ ದೂರ. ನಿಯಮ ಸರಿಯಾಗಿಯೇ ಇತ್ತು. ಆದರೆ ಅದೆಲ್ಲ ಮಾತಿನ ಕಸರತ್ತು, ಕಣ್ಣಿಗೆ ಕಾಣುವಂತಿರಲಿಲ್ಲ.

ಅದನ್ನು ಕಾಣಿಸಿದವನು ಫ್ರಾನ್ಸಿನ ಪಾದ್ರಿ ನಿಕೋಲ್ ಒರೆಮ್. ಪ್ಯಾರಿಸ್ಸಿನ ನಾವಾರ್ ಕಾಲೇಜಿನಲ್ಲಿ ಕಲಿತು, ಕಲಿಸಿ, ಕಡೆಗೆ ಲಿಸಿಯೂ ಎಂಬಲ್ಲಿ ಬಿಷಪ್ ಆಗಿ 1382ರಲ್ಲಿ ತೀರಿಕೊಂಡವನು. 1350ರ ದಶಕದ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆಯಿತು. ಕಾಲವನ್ನು ಅಡ್ಡ ಗೆರೆಯಾಗಿ ಎಳೆದು, ಆಯಾ ಕ್ಷಣದ ವೇಗವನ್ನು ಅದರ ಮೇಲೆ ನೆಟ್ಟಗೆ ನಿಂತ ಗೆರೆಯಾಗಿ ತೋರಿಸಿದರೆ? ಶೂನ್ಯದಿಂದ ಸಮನಾಗಿ ಏರುವ ವೇಗಕ್ಕೆ ತ್ರಿಕೋನ ಮೂಡಿತು. ಅದರ ಅರ್ಧ ಎತ್ತರದಲ್ಲಿ ಅಡ್ಡಗೆರೆ ಎಳೆದು, ಮೇಲಿನ ತುದಿಯನ್ನು ಕತ್ತರಿಸಿ ಕೆಳಗಿನ ಖಾಲಿ ಮೂಲೆಗೆ ಸೇರಿಸಿದರೆ ಆಯತ ಸಿದ್ಧ. ಮರ್ಟನ್ ಪಂಡಿತರ ನಿಯಮ ಒಂದೇ ಚಿತ್ರದಲ್ಲಿ ಸಾಬೀತಾಯಿತು.

ನಿಲ್ದಾಣದಿಂದ ಹೊರಟ ಬಸ್ಸೊಂದು 10 ಸೆಕೆಂಡಿನಲ್ಲಿ ಸಮನಾಗಿ ವೇಗ ಏರಿಸಿಕೊಂಡು, ಸೆಕೆಂಡಿಗೆ 10 ಮೀಟರ್ ವೇಗ ಮುಟ್ಟಿತೆನ್ನಿ. ಸರಾಸರಿ ವೇಗ 5 ಮೀಟರ್. ಹತ್ತು ಸೆಕೆಂಡಿಗೆ 50 ಮೀಟರ್. ನಕ್ಷೆಯ ತ್ರಿಕೋನದ ವಿಸ್ತೀರ್ಣವೂ 10ನ್ನು 10ರಿಂದ ಗುಣಿಸಿದ್ದರ ಅರ್ಧ, ಅಂದರೆ 50. ಗೆರೆಯ ಎತ್ತರ ಆ ಕ್ಷಣದ ವೇಗವನ್ನು ಹೇಳಿದರೆ, ಅದರ ಓರೆ ವೇಗೋತ್ಕರ್ಷವನ್ನು ಹೇಳುತ್ತದೆ. ಆದರೂ ಎಷ್ಟೋ ಮಕ್ಕಳು ಗೆರೆಯನ್ನೇ ರಸ್ತೆ ಎಂದುಕೊಳ್ಳುತ್ತಾರೆ. ಗೆರೆ ಇಳಿದರೆ ಬಸ್ಸು ಹಿಂದಕ್ಕೆ ಬಂತು ಎನ್ನುತ್ತಾರೆ. ಅದು ಶೂನ್ಯವನ್ನು ಮುಟ್ಟುವ ತನಕ ಬಸ್ಸು ಮುಂದಕ್ಕೇ ಹೋಗುತ್ತಿರುತ್ತದೆ, ವೇಗ ಮಾತ್ರ ಕಡಿಮೆಯಾಗುತ್ತಿರುತ್ತದೆ.

ಒರೆಮ್‌ನ ಚಿತ್ರಕ್ಕೂ ಒಂದು ಕೊರತೆಯಿತ್ತು. ಅವನು ಎಳೆದ ಗೆರೆಗಳು ಊಹೆಯವು, ಅಳತೆಯವಲ್ಲ. ಬೀಳುವ ವಸ್ತು ಇದೇ ನಿಯಮದಂತೆ ಚಲಿಸುತ್ತದೆ ಎಂದು ಸ್ಪೇನಿನ ಡೊಮಿಂಗೊ ದೆ ಸೋಟೊ 1551ರಲ್ಲಿ ಬರೆದನಾದರೂ ಅಳೆದು ನೋಡಲಿಲ್ಲ. ಅಳೆದವನು ಇಟಲಿಯ ಗೆಲಿಲಿಯೊ. ಅವನೂ ಮೊದಲು ಎಡವಿದವನೇ. ಬೀಳುವ ವಸ್ತುವಿನ ವೇಗ ಬಿದ್ದ ದೂರಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು 1604ರಲ್ಲಿ ನಂಬಿದ್ದ. ಅದು ಹೆಚ್ಚುವುದು ಕಾಲಕ್ಕೆ ತಕ್ಕಂತೆ ಎಂಬುದು ಆಮೇಲೆ ತಿಳಿಯಿತು. ಇಳಿಜಾರು ಹಲಗೆಯ ತೋಡಿನಲ್ಲಿ ಕಂಚಿನ ಗುಂಡು ಉರುಳಿಸಿ, ಅಷ್ಟರಲ್ಲಿ ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲ ಲೆಕ್ಕ ಹಾಕಿದ್ದಾಗಿ ಅವನು ಬರೆದಿದ್ದಾನೆ. ಗೃಹಬಂಧನದಲ್ಲಿದ್ದಾಗ, 1638ರಲ್ಲಿ, ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ವೇಗೋತ್ಕರ್ಷದ ಮೊದಲ ಪ್ರಮೇಯಕ್ಕಿರುವುದು ಅದೇ ತ್ರಿಕೋನ, ಅದೇ ಆಯತ. ಕಾಲದ ಗೆರೆ ಮಾತ್ರ ಅಡ್ಡಕ್ಕಿಲ್ಲ, ಉದ್ದಕ್ಕಿದೆ.

ಹೇಟ್ಸ್‌ಬರಿಯ ಮಾತಿನಿಂದ ಗೆಲಿಲಿಯೊನ ಗ್ರಂಥದವರೆಗೆ 303 ವರ್ಷಗಳು ಬೇಕಾದವು. ತರಗತಿಯಲ್ಲಿ ಅದಕ್ಕೆ ಸಿಗುವುದು ಒಂದು ಪೀರಿಯಡ್. ಸೂತ್ರ ಬರೆಸುವ ಮುನ್ನ ತ್ರಿಕೋನದ ತುದಿಯನ್ನು ಮಕ್ಕಳ ಕೈಯಿಂದಲೇ ಕತ್ತರಿಸಿ ಜೋಡಿಸಲು ಹೇಳಿದರೆ, ವಿಸ್ತೀರ್ಣ ದೂರವಾಗುವ ಬಗೆ ಬಾಯಿಪಾಠವಿಲ್ಲದೆಯೇ ತಿಳಿದೀತು. ಅದಕ್ಕೆ ಬೇಕಾದುದು ಒಂದು ಹಾಳೆ, ಒಂದು ಕತ್ತರಿ.